ಆರನೇ ಹಾಡಿನಲ್ಲಿ ನೀನು

ಬೆಥೆಸ್ಡಾ, ವೇಲ್ಸ್
ಮಾರ್ಚ್ ೩, ಭಾನುವಾರ

ನನ್ನ ಮುನಿಸಿನ ಮಹಾರಾಣಿ ಹೆಲೆದ್‌ಗೆ,

ನನ್ನ ಫೋನಿಗೆ ನೀನು ಬಾಗಿಲು ಹಾಕಿ ಹದಿನಾಲ್ಕು ತಿಂಗಳಾಯಿತು. ಕಾಗದವನ್ನು ತಡೆಯಲಾರೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಬಿಸಾಡುವುದಾದರೆ ಪೂರ್ತಿ ಓದಿ ಹರಿ, ಅಷ್ಟು ಸಾಕು.

ನಮ್ಮ ಆಲ್ಬಮ್ ಬಂತು ಕಣೇ! ನಮ್ಮ 'ಒದ್ದೆ ಕಾಲ್ಚೀಲ' ಬ್ಯಾಂಡಿನ ಮೊಟ್ಟಮೊದಲ ಆಲ್ಬಮ್. ಮುನ್ನೂರು ರೆಕಾರ್ಡು, ಹಳದಿ ಹೊದಿಕೆ. ನಮ್ಮ ಡ್ರಮ್ಸ್ ಗೆಥಿನ್ ಮೊದಲನೆಯದನ್ನು ಕೈಗೆತ್ತಿಕೊಂಡು ಹಸುಗೂಸನ್ನು ಮೂಸಿದ ಹಾಗೆ ಮೂಸಿದ. ನಿನ್ನ ಜಾಗಕ್ಕೆ ಬಂದ ಟಿದಿರ್ ಎಲ್ಲ ಹಾಡುಗಳನ್ನೂ ಹೊಸದಾಗಿ ಹಾಡಿದ್ದಾನೆ. ಚೆನ್ನಾಗಿಯೇ ಹಾಡುತ್ತಾನೆ, ಸುಳ್ಳು ಹೇಳಲಾರೆ.

ಆದರೆ ಒಂದು ಎಡವಟ್ಟಾಗಿದೆ. ಚಾಪೆಲ್ಲಿನ ಹಿಂದಿನ ಸಭಾಂಗಣದಲ್ಲಿ ರೆಕಾರ್ಡಿಂಗಿಗೆಂದು ನಾವು ಬಾರಿಸುವಾಗ, ಡ್ರಮ್ಮಿನ ಸದ್ದು ನಿನ್ನ ಮೈಕಿಗೆ ನುಗ್ಗಬಾರದೆಂದು ನಿನ್ನನ್ನು ಅಡುಗೆಕೋಣೆಗೆ ಅಟ್ಟಿ ಬಾಗಿಲು ಹಾಕುತ್ತಿದ್ದೆವಲ್ಲ. ನೀನು ಅಲ್ಲಿಂದ ಹಾಡಿದ್ದು ನಮಗೆ ದಾರಿ ತಪ್ಪದಿರಲಿ ಎಂದಷ್ಟೇ. ಆಮೇಲೆ ಅದನ್ನು ಅಳಿಸಿ ಬೇರೆಯಾಗಿ ಹಾಡಿಸುವುದು ವಾಡಿಕೆ. ಗೆಥಿನ್ ಎಲ್ಲವನ್ನೂ ಅಳಿಸಿ, ಆರನೆಯದನ್ನು ಮಾತ್ರ ಮರೆತು, ಟಿದಿರ್ ಹಾಡಿದ್ದರ ಬದಲು ಅದನ್ನೇ ರೆಕಾರ್ಡು ಒತ್ತುವ ಕಾರ್ಖಾನೆಗೆ ಕಳಿಸಿಬಿಟ್ಟ.

ನಮಗೆ ಗೊತ್ತಾದದ್ದು ಗುರುವಾರ ರೇಡಿಯೋದಲ್ಲಿ. ನಾವು ಕಳಿಸಿದ ರೆಕಾರ್ಡಿನಲ್ಲಿ ಅವರು ಆರಿಸಿ ಆರಿಸಿ ಅದನ್ನೇ ಹಾಕಬೇಕೇ! ಗೆಥಿನ್ ಮನೆಯಲ್ಲಿ ಬ್ರೆಡ್ಡು ಬಾಯಲ್ಲಿಟ್ಟುಕೊಂಡು ಕೂತಿದ್ದೆವು, ನಿನ್ನ ದನಿ ಬಂತು. ಎರಡನೇ ಚರಣದಲ್ಲಿ ನೀನು ನಿಲ್ಲಿಸಿ, ಚಾಪೆಲ್ ನೋಡಿಕೊಳ್ಳುವ ಅಜ್ಜಿಗೆ, "ಟೀಗೆ ಹಾಲು ಸಾಕು ಮಿಸೆಸ್ ಪ್ಯಾರಿ, ಕರುವಿಗೆ ಕುಡಿಸ್ತಿದೀರಾ?" ಎಂದು ಹೇಳಿ, ತಾಳ ತಪ್ಪದೆ ಮುಂದಿನ ಸಾಲು ಹಿಡಿಯುತ್ತೀಯ. ಈಗ ಊರಿಗೆಲ್ಲ ಅದು ಹಾಲಿನ ಹಾಡು. ಮಾಂಸದಂಗಡಿಯವನು ಹಾಲಿನ ಹುಡುಗಿ ಎಲ್ಲಿ ಎಂದು ಕೇಳಿದ. ಎಂಬತ್ತೊಂದರ ಮಿಸೆಸ್ ಪ್ಯಾರಿ, ಹೊದಿಕೆಯ ಮೇಲೆ ತನ್ನ ಹೆಸರೇಕಿಲ್ಲ ಎಂದು ಮುಖ ಊದಿಸಿಕೊಂಡಿದ್ದಾರೆ.

ಟಿದಿರ್‌ಗೆ ಬೇಸರವಾದೀತೆಂದು ನಾನು ಹೆದರಿದ್ದೆ. ಅವನು ಕೊನೆಯವರೆಗೂ ಕೇಳಿ, "ನಾನು ಹಾಡಿದ್ದಕ್ಕಿಂತ ಇದೇ ಚೆನ್ನಾಗಿದೆ. ಅವಳನ್ನ ಕರಿ ಮಾಬ್ಲಿ" ಎಂದ.

ಗೆಥಿನ್ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲೊಲ್ಲ. ನೀನು ಬಿಟ್ಟುಹೋದ ದಿನ, ನಿನ್ನ ದನಿ ನಮ್ಮ ಯಾವ ಹಾಡಿನಲ್ಲೂ ಇರಕೂಡದು ಎಂದಿದ್ದೆಯಲ್ಲ. "ಅವಳು ಹೂಂ ಅನ್ನದೆ ಇನ್ನು ಒಂದೂ ಹೊರಗೆ ಹೋಗಲ್ಲ. ಬೇಡ ಅಂದ್ರೆ ಮುನ್ನೂರನ್ನೂ ಪುಡಿ ಮಾಡಿಸ್ತೀನಿ" ಎನ್ನುತ್ತಾನೆ. ಪೆಟ್ಟಿಗೆಗಳೆಲ್ಲ ಅವನಮ್ಮನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಿದ್ದಿವೆ. ಮತ್ತೊಮ್ಮೆ ಅಚ್ಚು ಹಾಕಿಸುವ ಶಕ್ತಿ ನಮಗಿಲ್ಲ. ಆದರೂ ಅವನು ಹೇಳುವುದು ನ್ಯಾಯವೇ.

ನಿನ್ನ ದನಿ ತುಕ್ಕು ಹಿಡಿದ ಗೇಟು ಕಿರುಗುಟ್ಟಿದ ಹಾಗಿದೆ ಎಂದವಳು ನಾನು. ನಿನ್ನನ್ನು ಬ್ಯಾಂಡಿನಿಂದ ಕೈಬಿಡೋಣ ಎಂದು ಮೊದಲು ಕೈ ಎತ್ತಿದವಳೂ ನಾನೇ. ದೊಡ್ಡ ಊರಿನ ಬ್ಯಾಂಡುಗಳ ಹಾಗೆ ನಯವಾಗಿ ಕೇಳಿಸಬೇಕೆಂಬ ಹುಚ್ಚು ಹಿಡಿದಿತ್ತು. ತಪ್ಪು ಮಾಡಿದೆ ಹೆಲೆದ್. ಬ್ಯಾಂಡಿನ ಮಾತು ಬಿಡು, ಅಭ್ಯಾಸ ಮುಗಿದ ಮೇಲೆ ನಿನ್ನ ಜೊತೆ ಚಿಪ್ಸ್ ತಿನ್ನುತ್ತ ಊರವರನ್ನೆಲ್ಲ ಆಡಿಕೊಳ್ಳದೆ ನನಗೆ ತಿಂದದ್ದು ಮೈಗೆ ಹತ್ತುತ್ತಿಲ್ಲ.

ಹದಿನಾರನೇ ತಾರೀಖು ಶನಿವಾರ, ಅದೇ ಸಭಾಂಗಣದಲ್ಲಿ ಆಲ್ಬಮ್ ಬಿಡುಗಡೆ. ಬೇಡ ಎಂದರೆ ಬೇಡ, ನಾನು ಚಕಾರ ಎತ್ತುವುದಿಲ್ಲ. ಹೂಂ ಎನ್ನುವುದಾದರೆ ಒಂದು ಕಾರ್ಡು ಹಾಕು. ಅಬೆರಿಸ್ಟ್ವಿತ್‌ನಿಂದ ನೀನೇ ಬಸ್ಸು ಹತ್ತಿ ಬಂದರೆ ಇನ್ನೂ ಒಳ್ಳೆಯದು. ಈ ಸಲ ನಿನ್ನ ಮೈಕು ಸಭಾಂಗಣದ ನಟ್ಟನಡುವೆ ಇರುತ್ತದೆ.

ಬೈದರೂ ನಿನ್ನವಳೇ,
ಮಾಬ್ಲಿ

ತಾ.ಕ.: ಒಂದು ವಿಷಯ ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಮುನ್ನೂರನ್ನೂ ಒತ್ತುವ ಮೊದಲು ಕಾರ್ಖಾನೆಯವರು ಒಂದು ಮಾದರಿ ರೆಕಾರ್ಡು ಕಳಿಸುತ್ತಾರೆ. ಬ್ಯಾಂಡಿನವರೊಬ್ಬರು ಅದನ್ನು ಕೇಳಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಆರನೇ ಹಾಡನ್ನು ನಾಲ್ಕು ಸಲ ಕೇಳಿ, ನಾಲ್ಕನೇ ಸಲ ಅತ್ತು, ನಿನ್ನನ್ನು ಒಂದು ಮಾತೂ ಕೇಳದೆ ಸಹಿ ಹಾಕಿದೆ. ಪಾಪ, ಗೆಥಿನ್ ಎಲ್ಲ ತನ್ನದೇ ತಪ್ಪೆಂದು ಕೊರಗುತ್ತಿದ್ದಾನೆ. ಅವನಿಗೆ ಹೇಳುವಾಗ ನೀನು ಪಕ್ಕದಲ್ಲಿರು, ಒಬ್ಬಳೇ ಹೇಳಲು ನನಗೆ ಭಯ.