ದೇವರ ಕೋಣೆಯ ಮೇಲಿನ ಸೋಲಾರು

ಬಾಯಾರು
12-11-2025

ಪ್ರೀತಿಯ ರಂಜಿನಿ ಟೀಚರಿಗೆ ಯಶ್ಮಿತಾಳ ನಮಸ್ಕಾರಗಳು.

ಮೊದಲಿಗೊಂದು ಚಾರಿತ್ರಿಕ ಘೋಷಣೆ. ಸರ್ಟಿಫಿಕೇಟು ಪಡೆದ ಮಹಿಳೆಯೊಬ್ಬಳು ನಮ್ಮ ಊರಿನಲ್ಲಿ ಏಣಿ ಹಿಡಿಯುವ ಹುದ್ದೆಯಲ್ಲಿ ಯಶಸ್ವಿಯಾಗಿ ಒಂದು ವರ್ಷ ಪೂರೈಸಿದ್ದಾಳೆ. ಎರಡೂ ಕೈಯಲ್ಲಿ.

ಕುಂಬಳೆಯಲ್ಲಿ ಮೂರು ತಿಂಗಳು ನಮಗೆ ಸೋಲಾರ್ ಕೂರಿಸಲು ಕಲಿಸಿದಿರಿ. ಸ್ವಂತ ಕಂಟ್ರಾಕ್ಟ್ ಹಿಡಿಯುವ ಆಸೆ ಹುಟ್ಟಿಸಿದ್ದೂ ನೀವೇ. ಪರೀಕ್ಷೆಯಲ್ಲಿ ನಾನು ಕ್ಲಾಸಿಗೇ ಮೊದಲು ಬಂದೆ, ಜೊತೆಗೆ ಕಲಿತ ವಿಜೇತ್ ಎರಡು ಸಲ ಫೇಲಾದ. ಈಗ ಇಬ್ಬರೂ ಕಂಟ್ರಾಕ್ಟರ್ ಸುಧೀರಣ್ಣನ ಹತ್ತಿರ ಇದ್ದೇವೆ. ಹೆಂಗಸರಿದ್ದರೆ ಮಾತ್ರ ಸರಕಾರದ ಸೋಲಾರ್ ಯೋಜನೆಯ ಕೆಲಸ ಸಿಗುವುದಂತೆ. ಹಾಗಾಗಿ ಗಾಡಿಗೆ ನಿಂಬೆಹಣ್ಣು ಕಟ್ಟಿದ ಹಾಗೆ ನನ್ನನ್ನು ಇಟ್ಟುಕೊಂಡಿದ್ದಾರೆ.

ಮಳೆಗಾಲಕ್ಕೆ ಮೊದಲು ಪಂಕಜಾಕ್ಷಿಯಮ್ಮನ ಮನೆಗೆ ಹೋಗಿದ್ದೆವು. ನಾನು ಏಣಿಗೆ ಕಾಲಿಟ್ಟದ್ದೇ, ಅಮ್ಮ ಹೊರಗೆ ಬಂದರು. ಅಡಿಯಲ್ಲಿ ದೇವರ ಕೋಣೆ ಉಂಟು, ದೇವರ ತಲೆಯ ಮೇಲೆ ಹೆಣ್ಣು ನಡೆಯುವುದು ಬೇಡ ಎಂದರು. ಟೆರೇಸಿನ ಮೇಲೆ ಬೆಕ್ಕು ಮಲಗಿದೆಯಲ್ಲಮ್ಮ ಎಂದೆ. ಅದು ಗಂಡು ಬೆಕ್ಕಂತೆ. ನೀನು ಏಣಿ ಹಿಡಿ ಮಾರಾಯ್ತಿ, ಅದೂ ಟೆಕ್ನಿಕಲ್ ಕೆಲಸವೇ ಎಂದರು ಸುಧೀರಣ್ಣ. ಎಲ್ಲ ಮನೆಯಲ್ಲೂ ಹೀಗೆಯೇ ಟೀಚರ್. ನಾನು ಹತ್ತಬೇಕಾದ ಕಡೆಯೇ ಸರಿಯಾಗಿ ಕೆಳಗೆ ದೇವರಿರುತ್ತಾರೆ.

ಮೇಲೆ ವಿಜೇತ್ ಪ್ಲಸ್ಸಿಗೆ ಮೈನಸ್ ಕೊಟ್ಟ. ವಯರಿನ ಬಣ್ಣ ನೋಡಿ ನಾನು ಕೆಳಗಿನಿಂದಲೇ ಹೇಳಿಕೊಟ್ಟೆ.

ಅಷ್ಟರಲ್ಲಿ ತಿರುವನಂತಪುರದಿಂದ ಕ್ಯಾಮರಾದವರು ಬಂದರು. ಹಸಿರು ಶಕ್ತಿಯಲ್ಲಿ ಮಹಿಳೆಯರು ಅಂತ ನೀವು ಬರೆಯುತ್ತಿದ್ದ ವರದಿಗೆ ಟೆರೇಸಿನ ಮೇಲೆ ಹೆಣ್ಣು ಬೇಕೇ ಬೇಕಂತೆ. ಪಂಕಜಾಕ್ಷಿಯಮ್ಮ ಒಳಗೆ ಹೋಗಿ ದೇವರಿಗೆ ಕೈಮುಗಿದು ಬಂದು, ಐದು ನಿಮಿಷಕ್ಕೆ ಅಡ್ಡಿಯಿಲ್ಲ ಎಂದರು. ವಿಜೇತ್ ಇಳಿದು ತನ್ನ ಹೆಲ್ಮೆಟ್ ನನ್ನ ತಲೆಗಿಟ್ಟ. ಮೇಲೆ ಎರಡು ಬೋಲ್ಟು ಸಡಿಲ ಇದ್ದವು, ಬಿಗಿ ಮಾಡತೊಡಗಿದೆ. ಕೆಲಸ ಬೇಡ ಮೇಡಂ, ನಗಿ ಎಂದರು ಕ್ಯಾಮರಾದವರು. ನಕ್ಕೆ.

ಆ ನಗು ಈಗ ನಿಮ್ಮ ವರದಿಯ ಮುಖಪುಟದಲ್ಲಿದೆ. ಯಶ್ಮಿತಾ ಈಗಾಗಲೇ ನಲವತ್ತು ಮನೆಗಳಿಗೆ ಸೋಲಾರ್ ಕೂರಿಸಿದ್ದಾರೆ ಅಂತ ಒಳಗೆ ಬರೆದಿದ್ದೀರಿ. ಓದಿ ನನಗೇ ಹೆಮ್ಮೆಯಾಯಿತು. ಒಂದು ಮಾತು ನನ್ನನ್ನು ಕೇಳಿದ್ದರೆ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ.

ಇಂತಿ,
ನಿಮ್ಮ ಮುಖಪುಟದ ಶಿಷ್ಯೆ
ಯಶ್ಮಿತಾ

ಮರೆತ ಮಾತು: ಸ್ವಂತ ಕಂಟ್ರಾಕ್ಟಿಗೆ ಅರ್ಜಿ ಹಾಕಬೇಕಾದರೆ, ಹತ್ತು ಮನೆಗೆ ನಾನೇ ಕೂರಿಸಿದ್ದೇನೆ ಅಂತ ಕಂಟ್ರಾಕ್ಟರೋ ಕಲಿಸಿದ ಟೀಚರೋ ಬರೆದುಕೊಡಬೇಕು. ನೀನು ಹತ್ತಿದ್ದೇ ಇಲ್ಲವಲ್ಲ, ಸುಳ್ಳು ಸೈನು ಹೇಗೆ ಹಾಕಲಿ ಎಂದರು ಸುಧೀರಣ್ಣ. ನ್ಯಾಯವೇ. ನೀವು ಹೇಗೂ ನಲವತ್ತು ಬರೆದಿದ್ದೀರಿ, ನನಗೆ ಹತ್ತು ಸಾಕು. ಫಾರ್ಮು ಇದರೊಳಗೆ ಉಂಟು. ಪೆನ್ಸಿಲಿನಲ್ಲಿ ಗುರುತು ಮಾಡಿದಲ್ಲಿ ಸೈನು ಹಾಕಿ, ಮೂವತ್ತನೇ ತಾರೀಕಿನೊಳಗೆ ಕಳಿಸಿ. ಸ್ಟಾಂಪು ಹಚ್ಚಿದ ಕವರು ಇಟ್ಟಿದ್ದೇನೆ.