ದಿವಾನರ ಬರಿದಾದ ಅರಮನೆ

ಅಕ್ಟೋಬರ್ 1, ಬುಧವಾರ. ಆಯುಧಪೂಜೆಯ ರಾತ್ರಿ.

ದಿವಾನರು ಇನ್ನೂ ಮೂಲೆ ಬಿಟ್ಟು ಕದಲಿಲ್ಲ. ದಿವಾನರು ಎಂದರೆ ಹಂಸಕ್ಕ ಹಾಸ್ಟೆಲಿಗೆ ಹೋಗುವಾಗ ನನ್ನ ಕೈಗೊಪ್ಪಿಸಿದ ನೀಲಿ ಫೈಟರ್ ಮೀನು.

ಬೆಳಿಗ್ಗೆ ಅಜ್ಜಿ ಮಿಕ್ಸಿ, ಸ್ಕೂಟರ್ ತೊಳೆದ ಮೇಲೆ ಮೀನಿನ ತೊಟ್ಟಿಯನ್ನೂ ಬಿಡಲಿಲ್ಲ. ಅದಕ್ಕೂ ಮೋಟಾರ್ ಇದೆಯಂತೆ. ದಿವಾನರನ್ನು ಚೊಂಬಿಗೆ ಸಾಗಹಾಕಿ, ಕಲ್ಲು, ಗಿಡ ಎಲ್ಲವನ್ನೂ ಕಸದ ಗಾಡಿಗೆ ಕೊಟ್ಟರು. "ಕಸ ಎಲ್ಲಾ ಎತ್ತಾಕ್ದೆ ಕಣ್ಮಗ, ಎಂಗ್ ವಳೀತೈತೆ ನೋಡು!" ಎಂದು ದಿವಾನರನ್ನು ಮತ್ತೆ ತೊಟ್ಟಿಗೆ ಬಿಟ್ಟು, ಗಾಜಿಗೆ ಕುಂಕುಮ ಇಟ್ಟರು. ನಾನು ಸುಮ್ಮನಿರದೆ ಅದರ ಸುತ್ತ ಸೀರಿಯಲ್ ಸೆಟ್ ದೀಪ ಕಟ್ಟಿ, ದರ್ಬಾರು ಶುರುವೆಂದು ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದೆ.

ಸಂಜೆಗೆ ದಿವಾನರ ಬಣ್ಣ ಬಿಳಚಿಕೊಂಡಿತ್ತು. ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹೆದರಿ ಅಕ್ಕನಿಗೆ ಫೋನ್ ಮಾಡಿದೆ.

"ಅಡಗೋಕೆ ಜಾಗ ಇಲ್ದೆ ಅದು ಹೆದರ್ಕೊಂಡಿದೆ ಕಣೋ. ಲೈಟ್ ಆರ್ಸು, ಸುತ್ತ ಪೇಪರ್ ಅಂಟ್ಸು, ಒಳಗೊಂದು ಕುಡಿಕೆ ಮಲಗ್ಸು. ಆಮೇಲೆ ಇಣುಕ್ಬೇಡ, ನಿನ್ ಮುಖ ನೋಡೇ ಅರ್ಧ ಸಾಯುತ್ತೆ."

ಇನ್ನಷ್ಟು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಅಷ್ಟಕ್ಕೇ ಫೋನ್ ಇಟ್ಟುಬಿಟ್ಟಳು.

ಹೇಳಿದ್ದೆಲ್ಲ ಮಾಡಿದೆ. ಮೊಸರಿನ ಕುಡಿಕೆಯನ್ನು ತೊಳೆದು ಒಳಗೆ ಅಡ್ಡ ಮಲಗಿಸಿದೆ.

ಇಷ್ಟು ಬರೆದು, ತಡೆಯಲಾರದೆ, ಪೇಪರಿನ ಸಂದಿಯಿಂದ ಒಮ್ಮೆ ಇಣುಕಿದೆ. ಮೂಲೆ ಖಾಲಿ! ದಿವಾನರು ಕುಡಿಕೆಯೊಳಗಿದ್ದಾರೆ, ಬಾಲದ ತುದಿಯಷ್ಟೇ ಕಾಣುತ್ತದೆ. ತಾವೇ ಈಜಿಕೊಂಡು ಹೋದರೋ, ಅಥವಾ... ಬೇಡ, ಅದನ್ನು ಬರೆಯುವುದಿಲ್ಲ.

ಟಾರ್ಚ್ ಬಿಟ್ಟರೆ ಈಗಲೇ ಗೊತ್ತಾಗುತ್ತದೆ. ಅದಕ್ಕೇ ಟಾರ್ಚನ್ನು ಅಜ್ಜಿಯ ದಿಂಬಿನಡಿ ಇಟ್ಟು ಬಂದಿದ್ದೇನೆ. ಅಜ್ಜಿ ಗೊರಕೆ ಹೊಡೆಯುತ್ತಿದ್ದಾರೆ. ಬೆಳಗಾಗುವವರೆಗೆ ನಾನು ಈ ಕುರ್ಚಿಯಿಂದ ಕದಲುವುದಿಲ್ಲ.