ಎರಡು ನಲವತ್ತಕ್ಕೆ ನನ್ನ ಲಾಗಿನ್

ಮಾರ್ಚ್ 4, ಮಧ್ಯಾಹ್ನ 2.00
ಆಸ್ಪತ್ರೆಯ ಸರ್ವರ್ ರೂಮ್. ಎ.ಸಿ. ಸರಿಯಿದೆ. ಕಪ್ಪು ಪರದೆಯಲ್ಲಿ ಪಟ್ಟಿ ತೆಗೆದೆ. ನೆಟ್‌ವರ್ಕಿನ ಹದಿನಾಲ್ಕು ವಿಭಾಗಗಳಲ್ಲಿ ಲ್ಯಾಬಿನದೊಂದು ಕುಂಟುತ್ತಿತ್ತು. ಅದರ ಹೆಸರು ಟೈಪ್ ಮಾಡಿ ನಿಲ್ಲಿಸಿದೆ, ಮತ್ತೆ ಎಬ್ಬಿಸಿದೆ. ಹನ್ನೊಂದು ಸೆಕೆಂಡ್. ಯಾರಿಗೂ ಗೊತ್ತಾಗಲಿಲ್ಲ.

ಪಾಳಿ ಬದಲಾಯಿಸಲು ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ. ಇಲ್ಲಿ ಸೇರಿಸಿದ್ದು ನಾನೇ.

"ಒಲೆ ಆರಿಸ್ಬೇಡಿ ಅಣ್ಣಾ, ನಾನೂ ಎರಡು ದೋಸೆ ಹುಯ್ಕೋತೀನಿ!"

ಒಲೆಯೆಂದರೆ ನನ್ನ ಲಾಗಿನ್. ಅವನಿಗೆ ಮತ್ತೆ ಮೂರು ಪಾಸ್‌ವರ್ಡ್ ಹೊಡೆಯುವ ಕಾಟ ಬೇಡವೆಂದು ಅದನ್ನು ತೆರೆದಿಟ್ಟೇ ಎದ್ದು ಬರುವುದು ರೂಢಿ. ಬಂದು ಹೋಗುವ ಹೊತ್ತಿನ ರಿಜಿಸ್ಟರಿಗೆ ಸೋಮವಾರವೇ ಇಡೀ ವಾರದ ಸಹಿ. ಎರಡೂ ನಾನೇ ಹಾಕಿಕೊಟ್ಟ ರೂಢಿ.

ಮಾರ್ಚ್ 5
2.40ಕ್ಕೆ ಇಡೀ ಆಸ್ಪತ್ರೆಯ ನೆಟ್‌ವರ್ಕ್ ನಿಂತಿತು. ಮೂವತ್ತೆಂಟು ನಿಮಿಷ. ರಕ್ತದ ರಿಪೋರ್ಟನ್ನು ನರ್ಸ್ ಓಡಿಕೊಂಡು ಹೋಗಿ ಥಿಯೇಟರಿಗೆ ಮುಟ್ಟಿಸಿದರಂತೆ. ರೋಗಿ ಬದುಕಿದ. ಎಂದಿನಂತೆ ಲಾಗಿನ್ ತೆರೆದಿಟ್ಟು ಎರಡಕ್ಕೇ ಹೊರಟಿದ್ದ ನಾನು ಆಗ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಷಡ್ಡಕನ ಫೋನ್ ಬಂತು, ಓಡಿದೆ.

ಷಡ್ಡಕನ ಮುಖ ಸುಣ್ಣ. "ತಾನಾಗೇ ಬಿತ್ತು."

ತಾನಾಗಿ ಬೀಳುವುದಿಲ್ಲ. ಟೈಪ್ ಮಾಡಿದ್ದೆಲ್ಲ ದಾಖಲಾಗುತ್ತದೆ. ಒಂದು ವಿಭಾಗದ ಹೆಸರು ಕೊಡುವಲ್ಲಿ ಹದಿನಾಲ್ಕೂ ಸೇರಿದ ಗುಂಪಿನ ಹೆಸರು ಕೊಟ್ಟಿದ್ದಾನೆ — ಒಂದು ದೀಪ ಆರಿಸಲು ಹೋಗಿ ಮೇನ್ ಎಳೆದ ಹಾಗೆ. ದಾಖಲೆಯಲ್ಲಿರುವ ಹೆಸರು ಮಾತ್ರ ನನ್ನದು.

ಮಾರ್ಚ್ 6
ಮ್ಯಾನೇಜರ್ ಕರೆದರು. "ಇಪ್ಪತ್ತು ವರ್ಷ ಆಯ್ತಲ್ರೀ, ಇಂಥ ತಪ್ಪಾ?" ಎರಡಕ್ಕೇ ಹೊರಟಿದ್ದೆ ಎಂದೆ. ಒಂದು ಹಾಳೆ ತಳ್ಳಿದರು. ಷಡ್ಡಕನ ಕೈಬರಹ. "2.40ರವರೆಗೂ ಹಿರಿಯರೇ ಕೂತಿದ್ದರು, ನಾನು ಮುಟ್ಟಿಲ್ಲ."

ಎರಡು ಸಲ ಓದಿದೆ. ಮಂಗಳವಾರ ವಿಚಾರಣೆ. ಸಾಬೀತಾದರೆ ವಜಾ.

ಮಾರ್ಚ್ 8, ಸಂಜೆ
ಷಡ್ಡಕ ಬಂದ. ಕೂರಲಿಲ್ಲ.

"ನೀವು ಹಳಬರು, ಒಂದು ಮೆಮೊ ಕೊಟ್ಟು ಬಿಡ್ತಾರೆ. ನಾನಿನ್ನೂ ಪರ್ಮನೆಂಟ್ ಆಗಿಲ್ಲ. ಕುತ್ತಿಗೆ ಹಿಡಿದು ದಬ್ತಾರೆ."

"ಬರೆದುಕೊಟ್ಟ ಮೇಲೆ ಕೇಳೋಕೆ ಬಂದ್ಯಾ? ಮೊದಲೇ ಕೇಳಿದ್ರೆ ಒಪ್ಕೊಂಡ್ರೂ ಒಪ್ಕೊಳ್ತಿದ್ದೆ ಕಣಯ್ಯಾ."

"ಲಾಗಿನ್ ತೆರೆದಿಟ್ಟು ಹೋದವರು ಯಾರು?"

ಮಾತು ನಿಜ. ಅದಕ್ಕೇ ಮೈ ಉರಿಯಿತು.

ಅವನು ಹೋದ ಮೇಲೆ ಹೆಂಡತಿ ಪಾತ್ರೆ ತೊಳೆಯುತ್ತ, ತಿರುಗದೆ ಹೇಳಿದಳು. "ನೆಟ್‌ವರ್ಕ್ ನಿಂತ ದಿನಾನೇ ತಂಗಿ ಫೋನ್ ಮಾಡಿದ್ಲು. ಹೀಗೆ ಬರೆದುಕೊಡ್ತಾರಂತೆ ಅಂತ."

ಮೂರು ದಿನ. ಮೂರು ದಿನ ಎದುರು ಕೂತು ಊಟ ಮಾಡಿದ್ದಾಳೆ...

ಮಾರ್ಚ್ 10, ಬೆಳಿಗ್ಗೆ 9.50
ಹನ್ನೊಂದಕ್ಕೆ ವಿಚಾರಣೆ. ಆ ಹೊತ್ತಿಗೆ ನೀವು ಮನೆಯಲ್ಲಿದ್ದುದನ್ನು ಕಂಡವರಿದ್ದರೆ ಕರೆತನ್ನಿ ಎಂದಿದ್ದಾರೆ ಮ್ಯಾನೇಜರ್. ಕಂಡವಳು ಒಬ್ಬಳೇ.

"ಬರ್ತೀಯಾ?"

"ಬಂದ್ರೆ ತಂಗಿ ಗಂಡನ ಕೆಲಸ ಹೋಗತ್ತೆ."

"ಬರದಿದ್ರೆ ನಿನ್ನ ಗಂಡನದು."

ರೂಮಿಗೆ ಹೋದಳು. ಬೀರು ತೆರೆದ ಸದ್ದು. ಹೊರಡುತ್ತಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಅವಳ ಫೋನ್. "ಹೇಳೇ..." ಎಂದು ಬಾಗಿಲು ಮುಚ್ಚಿದಳು.

10.20
ಇನ್ನೂ ಮಾತು. ಬಾಗಿಲು ತಟ್ಟಿದೆ. ಮಾತು ನಿಂತಿತು. ತಳ್ಳಿದೆ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಳೆ. ಸಾಕ್ಷಿಗೆ ಅವಳು ಬರುವುದಿಲ್ಲ.